ಕೆಲಸದಲ್ಲೇ ಕಲಿಕೆ: ವಿಶ್ವೇಶ್ವರಯ್ಯನವರ ದಾರಿ

ಕೆಂಗೇರಿಗೆ ಸಮೀಪದ ಉಲ್ಲಾಳದ ಕಡೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ದೊಡ್ಡ ಬಡಾವಣೆಯಿದೆ. ಪ್ರತಿ ಸೆಪ್ಟೆಂಬರ್ 15ರಂದು ಅವರ ಭಾವಚಿತ್ರಕ್ಕೆ ಹಾರ ಹಾಕಿ ಅಣೆಕಟ್ಟನ್ನೂ ಶಿಸ್ತನ್ನೂ ನೆನೆಯುತ್ತೇವೆ. ಆದರೆ ಉದ್ಯೋಗದಲ್ಲಿರುವವರಿಗೆ ತರಬೇತಿ ಹೇಗಿರಬೇಕೆಂಬ ಪ್ರಶ್ನೆಗೆ ಅವರ ಜೀವನ ಕೊಡುವ ಉತ್ತರವನ್ನು ನಾವು ಅಷ್ಟಾಗಿ ಗಮನಿಸಿಲ್ಲ.

ಸರ್ಕಾರಿ ಸೇವೆಯಲ್ಲಿದ್ದಾಗ ನಾನು ಅನೇಕ ತರಬೇತಿ ಶಿಬಿರಗಳಲ್ಲಿ ಕುಳಿತಿದ್ದೇನೆ. ಮೊದಮೊದಲು ದಿನವಿಡೀ ಉಪನ್ಯಾಸವಿರುತ್ತಿತ್ತು. ಮುಂದೆ ಗುಂಪು ಚಟುವಟಿಕೆ, ಆಟ, ಪಾತ್ರಾಭಿನಯಗಳು ಬಂದವು. ತೂಕಡಿಸುವುದಕ್ಕಿಂತ ಇದು ಮೇಲೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕಚೇರಿಗೆ ಮರಳಿದ ಮೇಲೆ, ಕಲಿತದ್ದರಿಂದ ಯಾವ ಕೆಲಸ ಸುಧಾರಿಸಿತೆಂದು ಕೇಳಿದವರಿಲ್ಲ. ವೆಚ್ಚದ ಲೆಕ್ಕವಿತ್ತು, ಫಲದ ಲೆಕ್ಕವಿರಲಿಲ್ಲ.

ವಿಶ್ವೇಶ್ವರಯ್ಯನವರ ವಿದ್ಯಾಭ್ಯಾಸ ಇದಕ್ಕೆ ತದ್ವಿರುದ್ಧ. ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡು, ಮನೆಪಾಠ ಹೇಳಿಕೊಡುತ್ತ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು ಅವರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿ 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು. ಧುಳೆಯ ಬಳಿ ಪಾಂಜರಾ ನದಿಯ ಕಾಲುವೆಗೆ ಕೊಳವೆ ಸೈಫನ್ ಕಟ್ಟುವುದು ಅವರಿಗೆ ಸಿಕ್ಕ ಮೊದಲ ಹೊಣೆ. ಮಳೆ, ಪ್ರವಾಹ, ಹೂಳುಗಳ ನಡುವೆ ಅದನ್ನು ಮುಗಿಸಿದಾಗ ಅವರಿನ್ನೂ ಹೊಸ ನೌಕರರು. ಮುಂದೆ ಸಿಂಧ್ ಪ್ರಾಂತ್ಯದ ಸುಕ್ಕೂರಿನಲ್ಲಿ ನೀರು ಸೋಸುವ ತೊಟ್ಟಿಗಳಿಗೆ ಹಣವಿಲ್ಲದಿದ್ದಾಗ, ನದಿಯ ಮರಳಿನಲ್ಲೇ ಬಾವಿ ತೋಡಿಸಿ, ಮರಳೇ ನೀರನ್ನು ಸೋಸುವಂತೆ ಮಾಡಿದರು. ಇದ್ದ ಕೊರತೆಯೇ ಇಲ್ಲಿ ಸೃಜನಶೀಲತೆಗೆ ದಾರಿ ಮಾಡಿತು.

ತಾವು ಕಲಿತ ಬಗೆಯನ್ನೇ ಅವರು ಆಡಳಿತಕ್ಕೂ ತಂದರು. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದ ಮೇಲೆ, ಅವರ ಪ್ರೇರಣೆಯಿಂದ 1911ರಲ್ಲಿ ಮೈಸೂರು ಆರ್ಥಿಕ ಸಮ್ಮೇಳನ ಆರಂಭವಾಯಿತು. ಕೃಷಿ, ಶಿಕ್ಷಣ, ಕೈಗಾರಿಕೆಗಳ ಸಮಿತಿಗಳಲ್ಲಿ ಅಧಿಕಾರಿಗಳು ಖಾಸಗಿ ಪ್ರಮುಖರೊಡನೆ ಕುಳಿತು ನಾಡಿನ ಸ್ಥಿತಿಗತಿಯನ್ನು ಚರ್ಚಿಸಬೇಕಾಯಿತು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಇದನ್ನು ನಾನು ಅಂದಿನ ಅಧಿಕಾರಿವರ್ಗದ ಅತ್ಯುತ್ತಮ ತರಬೇತಿ ಶಾಲೆಯೆಂದು ಭಾವಿಸುತ್ತೇನೆ. 1912ರಲ್ಲಿ ದಿವಾನರಾದ ಮೇಲೆ ಕಚೇರಿಗಳಲ್ಲಿ ದಕ್ಷತೆಯ ತಪಾಸಣೆಯನ್ನೂ ಜಾರಿಗೆ ತಂದರು. ಹಣದ ಲೆಕ್ಕದಂತೆಯೇ ಕೆಲಸದ ರೀತಿಯೂ ಪರಿಶೀಲನೆಗೆ ಒಳಪಟ್ಟಿತು.

ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಇನ್ನೂ ಕಠಿಣವಾದ ಪರೀಕ್ಷೆಯಾಗಿತ್ತು. ಅಲ್ಲಿಯ ಕುಲುಮೆ ಉರಿಯುತ್ತಿದ್ದುದು ಮಲೆನಾಡಿನ ಕಾಡಿನ ಇದ್ದಿಲಿನಿಂದ. 1923ರಿಂದ 1929ರವರೆಗೆ ಆಡಳಿತ ಮಂಡಳಿಯ ಅಧ್ಯಕ್ಷರಾಗಿ, ವಿದೇಶಿ ತಜ್ಞರನ್ನೇ ನೆಚ್ಚಿಕೊಳ್ಳದೆ ಸ್ಥಳೀಯರನ್ನು ಕುಲುಮೆಯ ಬಳಿಯಲ್ಲೇ ಪಳಗಿಸಿದರು. ಆ ಸೇವೆಗಾಗಿ ತಮಗೆ ಸಲ್ಲಬೇಕಿದ್ದ ಸಂಭಾವನೆಯನ್ನು ಅವರು ಯುವಕರಿಗೆ ಕಸುಬು ಕಲಿಸುವ ಸಂಸ್ಥೆಗೆ ಬಿಟ್ಟುಕೊಟ್ಟರು. 1943ರಲ್ಲಿ ಬೆಂಗಳೂರಿನಲ್ಲಿ ಅದು ಆರಂಭವಾದಾಗ ತಮ್ಮ ಹೆಸರನ್ನು ಒಪ್ಪದೆ ಮಹಾರಾಜ ಜಯಚಾಮರಾಜೇಂದ್ರರ ಹೆಸರನ್ನು ಇಡಿಸಿದರು. ಇಂದಿನ ಎಸ್.ಜೆ. ಪಾಲಿಟೆಕ್ನಿಕ್ ಅದೇ.

ಈ ಚಿತ್ರದಲ್ಲಿ ಒಂದು ತೊಡಕೂ ಇದೆ. ಹಿಂದುಳಿದ ವರ್ಗಗಳಿಗೆ ಸರ್ಕಾರಿ ಹುದ್ದೆಗಳಲ್ಲಿ ಹೆಚ್ಚು ಪಾಲು ನೀಡುವ ಪ್ರಶ್ನೆಯನ್ನು ಪರಿಶೀಲಿಸಲು 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು. ಅರ್ಹತೆಯೊಂದೇ ಮಾನದಂಡವಾಗಬೇಕೆಂದು ನಂಬಿದ್ದ ವಿಶ್ವೇಶ್ವರಯ್ಯನವರು ಆ ವರ್ಷದ ಕೊನೆಗೆ ದಿವಾನಗಿರಿ ತೊರೆದರು. ಅವರ ಬಗ್ಗೆ ಗೌರವವಿದ್ದೂ ಈ ನಿಲುವನ್ನು ನಾನು ಒಪ್ಪಲಾರೆ. ಕೆಲಸದಲ್ಲೇ ಕಲಿಕೆ ಎಂದಾದರೆ ಕೆಲಸದ ಬಾಗಿಲು ಎಲ್ಲರಿಗೂ ತೆರೆದಿರಬೇಕು. ಒಳಗೆ ಬಿಡದವನಿಗೆ ಅರ್ಹತೆ ಬರುವುದು ಎಲ್ಲಿಂದ? ಪದವಿಯಿಲ್ಲದ ಹುಡುಗರಿಗೂ ಕಸುಬಿನ ದಾರಿ ತೋರಿದ 1943ರ ಸಂಸ್ಥೆ ಈ ಪ್ರಶ್ನೆಗೆ ಅವರೇ ಕೊಟ್ಟ ಅರೆ ಉತ್ತರದಂತೆ ನನಗೆ ಕಾಣುತ್ತದೆ.

ಈ ಮಾತು ಇಂದಿಗೂ ಸಲ್ಲುತ್ತದೆ. 1961ರಿಂದಲೇ ಅಪ್ರೆಂಟಿಸ್ ಕಾಯ್ದೆ ಇದೆ. ಆದರೂ ಕಾಮಾಕ್ಷಿಪಾಳ್ಯದ ಲೇತ್ ಅಂಗಡಿಯಲ್ಲಿ ಮೇಸ್ತ್ರಿಯ ಪಕ್ಕ ನಿಂತು ಕಲಿತ ಹುಡುಗನ ಕೈಯಲ್ಲಿ ವಿದ್ಯೆಯಿರುತ್ತದೆ, ಅದಕ್ಕೆ ಪ್ರಮಾಣಪತ್ರವಿರುವುದಿಲ್ಲ. ಶಿಬಿರಕ್ಕೆ ಹೋಗಿಬಂದ ಅಧಿಕಾರಿಯ ಬಳಿ ಪ್ರಮಾಣಪತ್ರವಿರುತ್ತದೆ, ಕಲಿತದ್ದಕ್ಕೆ ಪುರಾವೆಯಿರುವುದಿಲ್ಲ. ಮೊದಲನೆಯವನ ಕೌಶಲವನ್ನು ಪರೀಕ್ಷಿಸಿ ಮಾನ್ಯತೆ ನೀಡಬೇಕು. ಎರಡನೆಯವರಿಗೆ ಶಿಬಿರದಲ್ಲೇ ತಮ್ಮ ಕಚೇರಿಯ ಒಂದು ನಿಜವಾದ ಸಮಸ್ಯೆಯನ್ನು ಒಪ್ಪಿಸಿ, ಆರು ತಿಂಗಳ ನಂತರ ಅದು ಏನಾಯಿತೆಂದು ವರದಿ ಕೇಳಬೇಕು. ಇದಕ್ಕೆ ಹೊಸ ಕಟ್ಟಡವಾಗಲಿ ದೊಡ್ಡ ಅನುದಾನವಾಗಲಿ ಬೇಕಿಲ್ಲ. ಮುಂದಿನ ಸೆಪ್ಟೆಂಬರ್ 15ರೊಳಗೆ ಒಂದು ಇಲಾಖೆಯಾದರೂ ಇದನ್ನು ಪ್ರಯತ್ನಿಸಲಿ.