ಕೊಟ್ಟು ಬರಿದಾದ ಕಾರ್ನಾಡ ಸದಾಶಿವರಾಯರು

ನಾಡಿಗಾಗಿ ಬಾಳಿದ ಹಿರಿಯರನ್ನು ನೆನೆಯುವುದು ನಮ್ಮಲ್ಲಿ ನಡೆದುಬಂದ ಪದ್ಧತಿಯಷ್ಟೆ. ಮುಂಬಯಿಯಲ್ಲಿ ನೆಲೆಸಿರುವ ಕನ್ನಡಿಗರಾದ ನಾವು ಹಾಗೆ ನೆನೆಯಬೇಕಾದವರಲ್ಲಿ ಕಾರ್ನಾಡ ಸದಾಶಿವರಾಯರು ಮುಖ್ಯರು. ಅವರು ನ್ಯಾಯಶಾಸ್ತ್ರ ಕಲಿತದ್ದು ಈ ನಗರದಲ್ಲಿ. ಕೊನೆಯುಸಿರೆಳೆದದ್ದೂ ಈ ನಗರದಲ್ಲಿಯೇ. ವಿದ್ಯಾರ್ಥಿಯಾಗಿ ಬಂದಾಗ ಅವರು ಸಿರಿವಂತರ ಮನೆಯ ಮಗ. ಕಡೆಯ ಸಲ ಬಂದಾಗ ತಮ್ಮದೆಂದು ಹೇಳಿಕೊಳ್ಳುವಂಥ ಆಸ್ತಿಯೇ ಉಳಿದಿರಲಿಲ್ಲ. ನಡುವಿನ ವರ್ಷಗಳಲ್ಲಿ ಆ ಸಂಪತ್ತು ಎಲ್ಲಿಗೆ ಹೋಯಿತೆಂಬುದೇ ಅವರ ಜೀವನಚರಿತ್ರೆ.

ಸದಾಶಿವರಾಯರು 1881ರಲ್ಲಿ ಮಂಗಳೂರಿನಲ್ಲಿ ಜನಿಸಿದರು. ತಂದೆ ರಾಮಚಂದ್ರರಾಯರು ಹೆಸರಾಂತ ವಕೀಲರು, ತಾಯಿ ರಾಧಾಬಾಯಿ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ಬಳಿಕ ಮುಂಬಯಿಯಲ್ಲಿಯೂ ಓದಿ ಮಂಗಳೂರಿನಲ್ಲಿ ವಕೀಲಿ ಆರಂಭಿಸಿದರು. ಬಡ ಕಕ್ಷಿಗಾರನ ಕೈಯಿಂದ ಶುಲ್ಕ ಪಡೆಯಲು ಅವರ ಮನಸ್ಸು ಒಪ್ಪುತ್ತಿರಲಿಲ್ಲ. 1911ರಲ್ಲಿ ಪತ್ನಿ ಶಾಂತಾಬಾಯಿಯವರೊಡನೆ ಮಹಿಳಾ ಸಭೆಯನ್ನು ಸ್ಥಾಪಿಸಿ, ದಿಕ್ಕಿಲ್ಲದ ಹೆಂಗಸರೂ ವಿಧವೆಯರೂ ತಮ್ಮ ಕಾಲಮೇಲೆ ತಾವು ನಿಲ್ಲುವುದಕ್ಕೆ ದಾರಿ ಮಾಡಿಕೊಟ್ಟರು. ವಿಧವೆಯರು ಮನೆಯ ಮೂಲೆ ಹಿಡಿದು ಕೂಡಬೇಕಾಗಿದ್ದ ಆ ಕಾಲದಲ್ಲಿ ಇದು ಸಣ್ಣ ಕೆಲಸವಲ್ಲ.

1919ರಲ್ಲಿ ಗಾಂಧೀಜಿಯವರ ಸತ್ಯಾಗ್ರಹದ ಪ್ರತಿಜ್ಞೆಗೆ ರಾಯರು ಸಹಿ ಹಾಕಿದರು. 1920ರ ಆಗಸ್ಟಿನಲ್ಲಿ ಗಾಂಧೀಜಿ ಮಂಗಳೂರಿಗೆ ಬಂದುಹೋದ ಬಳಿಕ ಅಲ್ಲಿ ಅಸಹಕಾರದ ಗಾಳಿ ಬಲವಾಗಿ ಬೀಸಿತು. ರಾಯರು ವಕೀಲಿಯನ್ನು ತೊರೆದರು, ಖಾದಿ ಉಟ್ಟರು, ರಾಷ್ಟ್ರೀಯ ಶಿಕ್ಷಣಕ್ಕಾಗಿ ತಿಲಕ ವಿದ್ಯಾಲಯವನ್ನು ತೆರೆದರು. ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಆದಾಯ ನಿಂತ ಮೇಲೆ ಯಾರೇ ಆಗಲಿ ಮೊದಲು ದಾನದ ಕೈಯನ್ನು ಬಿಗಿಹಿಡಿಯುವುದು ಲೋಕರೂಢಿ. ರಾಯರು ಬಿಗಿಹಿಡಿದದ್ದು ತಮ್ಮ ಊಟ ಉಡುಪುಗಳ ಖರ್ಚನ್ನು. ಕೊಡುವ ಕೈ ಮಾತ್ರ ಮೊದಲಿನಂತೆಯೇ ತೆರೆದಿತ್ತು.

1929ರ ಬಳಿಕ ಜಗತ್ತಿನಲ್ಲೆಲ್ಲ ಆರ್ಥಿಕ ಮುಗ್ಗಟ್ಟು ತಲೆದೋರಿತು. ಬೆಳೆಯ ಬೆಲೆ ಇಳಿಯಿತು. ಕಂದಾಯವೂ ಸಾಲದ ಬಡ್ಡಿಯೂ ಇಳಿಯಲಿಲ್ಲ. ಉಪ್ಪಿನ ಸತ್ಯಾಗ್ರಹ ನಡೆದದ್ದು ಇಂಥ ದಿನಗಳಲ್ಲಿ. ರಾಯರು ಸೆರೆಮನೆ ಸೇರಿದರು. ಹರಿದು ಹಂಚಿಹೋಗಿದ್ದ ಕನ್ನಡ ಸೀಮೆಗಳನ್ನು ಒಂದೇ ಪ್ರಾಂತವೆಂದು ಎಣಿಸಿದ ಕರ್ನಾಟಕ ಪ್ರಾಂತೀಯ ಕಾಂಗ್ರೆಸ್ಸಿನ ಅಧ್ಯಕ್ಷತೆಯ ಹೊಣೆಯನ್ನೂ ಅವರು ಹೊತ್ತಿದ್ದರು. ಸಾರ್ವಜನಿಕ ಕಾರ್ಯಕ್ಕೆ ಹಣ ಸಾಲದೆ ಬಂದಾಗಲೆಲ್ಲ ಅವರ ಸ್ವಂತ ಆಸ್ತಿ ಕರಗುತ್ತ ಬಂದಿತು.

ದಿನವೆಲ್ಲ ಬ್ಯಾಂಕಿನ ಜಮಾಖರ್ಚಿನಲ್ಲಿ ಮುಳುಗಿರುವ ನಮಗೆ ಇದನ್ನು ಓದುವಾಗ ಸಂಕಟವಾಗುತ್ತದೆ. ಕೊಡುವುದಕ್ಕೂ ಒಂದು ಮಿತಿ ಬೇಡವೆ ಎಂದು ಕೇಳಬೇಕೆನ್ನಿಸುತ್ತದೆ. ಇವರ ಬದುಕಿನ ಪ್ರೇರಣೆಯಿಂದ ಶಿವರಾಮ ಕಾರಂತರು ಬರೆದ ಕಾದಂಬರಿಗೆ ‘ಔದಾರ್ಯದ ಉರುಳಲ್ಲಿ’ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಆದರೆ ಆ ಉರುಳನ್ನು ಬಿಗಿದವರು ರಾಯರೊಬ್ಬರೇ ಏನು? ನೂರು ಜನ ಹೊರಬೇಕಾದ ಹೊರೆಯನ್ನು ಒಬ್ಬನೇ ಹೊತ್ತರೆ ಅವನ ಬೆನ್ನು ಮುರಿಯುವುದು ಸಹಜ. ಉಳಿದ ತೊಂಬತ್ತೊಂಬತ್ತು ಮಂದಿ ಕೈಕಟ್ಟಿ ನಿಂತು ಅವನನ್ನು ಹೊಗಳಿದರೆ ಹೊರೆ ಹಗುರವಾಗದು.

1936ರ ಡಿಸೆಂಬರಿನಲ್ಲಿ ಖಾನದೇಶದ ಫೈಜಪುರವೆಂಬ ಹಳ್ಳಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಹಳ್ಳಿಯಲ್ಲಿ ಸೇರಿದ ಮೊದಲ ಅಧಿವೇಶನವದು. ಅದಕ್ಕೆಂದು ಹೋದ ರಾಯರು ಜ್ವರಕ್ಕೆ ತುತ್ತಾದರು. ಚೇತರಿಸಿಕೊಳ್ಳದೆ 1937ರ ಜನವರಿ 9ರಂದು ಮುಂಬಯಿಯಲ್ಲಿ ನಿಧನರಾದರು. ಬದುಕಿದ್ದರೆ ಅವರಿಗೆ ಐವತ್ತಾರು ತುಂಬುತ್ತಿದ್ದ ವರ್ಷವದು. ಅವರು ಹುಟ್ಟಿ ದುಡಿದ ದಕ್ಷಿಣ ಕನ್ನಡ ಜಿಲ್ಲೆ 1956ರ ನವೆಂಬರ್ 1ರಂದು ಕನ್ನಡ ರಾಜ್ಯವನ್ನು ಸೇರಿತು. ಆ ದಿನವನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ.

ಮಂಗಳೂರಿನಲ್ಲಿ ಅವರ ಹೆಸರಿನ ರಸ್ತೆಯಿದೆ. ಬೆಂಗಳೂರಿನ ಸದಾಶಿವನಗರಕ್ಕೂ ಅವರದೇ ಹೆಸರು. ನೆಲವನ್ನೆಲ್ಲ ಬಿಟ್ಟುಕೊಟ್ಟವರ ಹೆಸರು ಇಂದು ಆ ನಗರದ ಅತಿ ಬೆಲೆಬಾಳುವ ನೆಲದ ಮೇಲಿದೆ!

ಮನೆಬಾಡಿಗೆ, ಮಕ್ಕಳ ಶಾಲೆಯ ಶುಲ್ಕ, ಊರಿಗೆ ಕಳುಹಿಸಬೇಕಾದ ಹಣ ಇವುಗಳ ನಡುವೆ ಹೆಣಗುವ ನಮ್ಮಂಥವರು ರಾಯರಂತೆ ಎಲ್ಲವನ್ನೂ ಕೊಟ್ಟುಬಿಡಬೇಕೆಂದು ಯಾರೂ ಹೇಳರು. ತಿಂಗಳ ಖರ್ಚಿನ ಪಟ್ಟಿಯಲ್ಲಿ ಪರರಿಗೆಂದು ಒಂದು ಸಾಲು ಬರೆದು, ಕಷ್ಟಕಾಲ ಬಂದರೂ ಅದನ್ನು ಹೊಡೆದುಹಾಕದೆ ಉಳಿಸಿಕೊಂಡರೆ ಸಾಕು. ಊರಿಂದ ಹೊಸದಾಗಿ ಬಂದು ಕೆಲಸವಿಲ್ಲದೆ ಅಲೆಯುವ ಹುಡುಗನಿಗೆ ನಾಲ್ಕು ಮನೆಗಳು ನಾಲ್ಕು ದಿನ ಊಟವಿಕ್ಕಿದರೆ ಯಾವ ಮನೆಯೂ ಬರಿದಾಗದು. ಹಲವರು ಸ್ವಲ್ಪ ಸ್ವಲ್ಪ ಕೊಡುವ ಸಮಾಜದಲ್ಲಿ ಒಬ್ಬನೇ ಎಲ್ಲವನ್ನೂ ಕೊಟ್ಟು ಬರಿಗೈಯಲ್ಲಿ ಸಾಯುವ ಪ್ರಸಂಗ ಬಾರದು. ರಾಯರ ಋಣವನ್ನು ನಾವು ತೀರಿಸಬಹುದಾದ ಬಗೆ ಇದೇ ಎಂದು ನಂಬಿದ್ದೇವೆ.