ಬಯಾಸ್‌ಗೆ ಹೆಸರಿಟ್ಟವರು: ಗ್ಯಾರಿ ಕಿಲ್ಡಾಲ್

ದಸರಾ ರಜೆಗೆ ಪುರವರಕ್ಕೆ ಹೋಗಿದ್ದಾಗ ನಮ್ಮ ಲ್ಯಾಪ್‌ಟಾಪ್ ಸತ್ತುಹೋಯ್ತು. ಸಾಯಿಸಿದವರು ನಾವೇ. ನಾವು ಅಂದ್ರೆ ಒಂದೇ ಊರಿನ, ಹಾಸ್ಟೆಲ್‌ನಲ್ಲಿ ಒಂದೇ ರೂಮಿನ ಇಬ್ಬರು. ಇಬ್ಬರಿಗೂ ಸೇರಿ ಇರೋದು ಒಂದೇ ಲ್ಯಾಪ್‌ಟಾಪ್. ಬಯಾಸ್ ಅಪ್‌ಡೇಟ್ ಇದೆ ಅಂತ ಸ್ಕ್ರೀನ್ ಮೇಲೆ ಬಂತು, ಒತ್ತಿದೆವು. ಬ್ಯಾಟರಿ 60% ಅಂತ ತೋರಿಸ್ತಿತ್ತು. ಆದರೆ ಹಳೇ ಬ್ಯಾಟರಿ, ಚಾರ್ಜರ್ ಕಿತ್ತರೆ ಎರಡು ನಿಮಿಷವೂ ನಿಲ್ಲಲ್ಲ. ತ್ರೀಫೇಸ್ ಬರೋ ಹೊತ್ತು ನೋಡ್ಕೊಂಡು ರಾತ್ರಿ ಹೊಲಕ್ಕೆ ಹೋಗಿ ಮೋಟರ್ ಹಾಕೋ ಮನೆಗಳಲ್ಲಿ ಬೆಳೆದವರು ನಾವು. ಕರೆಂಟನ್ನ ನಂಬಬಾರದು ಅಂತ ನಮಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೂ ಒತ್ತಿದೆವು. ಅರ್ಧದಲ್ಲಿ ಕರೆಂಟ್ ಹೋಯ್ತು.

ಆಮೇಲೆ ಪವರ್ ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತೆ, ಕ್ಯಾಪ್ಸ್‌ಲಾಕ್ ಲೈಟು ಮಿಣುಕುತ್ತೆ, ಸ್ಕ್ರೀನ್ ಮಾತ್ರ ಕಪ್ಪು. ತೋರಿಸಿದ ಅಂಗಡಿಯವರು ಮದರ್‌ಬೋರ್ಡ್ ಬದಲಾಯಿಸಬೇಕು ಅಂದರು. ಅವರು ಹೇಳಿದ ದುಡ್ಡು ಕೇಳಿ ಲ್ಯಾಪ್‌ಟಾಪ್ ಎತ್ತಿಕೊಂಡು ಮನೆಗೆ ಬಂದೆವು. ಅದನ್ನು ಬದುಕಿಸೋದು ಹೇಗೆ ಅಂತ ಓದ್ತಾ ಓದ್ತಾ, ಈ ಬಯಾಸ್ ಅನ್ನೋ ಹೆಸರು ಯಾರಿಟ್ಟಿದ್ದು ಅನ್ನೋ ಪ್ರಶ್ನೆ ಬಂತು. ಉತ್ತರ ಗ್ಯಾರಿ ಕಿಲ್ಡಾಲ್. ಅವರ ಬಗ್ಗೆ ನಮಗೆ ಗೊತ್ತಿದ್ದದ್ದು ಒಂದೇ ಜೋಕು: ಐಬಿಎಂನವರು ಮನೆ ಬಾಗಿಲಿಗೆ ಬಂದಾಗ ವಿಮಾನ ಹಾರಿಸೋಕೆ ಹೋಗಿದ್ದ ಮನುಷ್ಯ. ಫಸ್ಟ್ ಇಯರ್‌ನಲ್ಲಿ ಆ ಜೋಕು ಹೇಳಿ ನಾವೂ ನಕ್ಕಿದ್ದೆವು.

ಕಿಲ್ಡಾಲ್ ಹುಟ್ಟಿದ್ದು 1942ರ ಮೇ 19ರಂದು, ಅಮೆರಿಕದ ಸಿಯಾಟಲ್‌ನಲ್ಲಿ. ಅವರ ಮನೆಯವರು ಹಡಗು ನಡೆಸೋರಿಗೆ ದಿಕ್ಕು ಲೆಕ್ಕ ಹಾಕೋದನ್ನ ಕಲಿಸುವ ಶಾಲೆ ನಡೆಸ್ತಿದ್ದರು. ಕಿಲ್ಡಾಲ್‌ಗೆ ಗಣಿತದ ಮೇಷ್ಟ್ರಾಗಬೇಕು ಅಂತ ಆಸೆ. ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಸೇರಿದ ಮೇಲೆ ಕಂಪ್ಯೂಟರ್ ಹುಚ್ಚು ಹತ್ತಿತು. ನೌಕಾಪಡೆಯ ಕೆಲಸವಾಗಿ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿದ್ದ ನೌಕಾ ಸ್ನಾತಕೋತ್ತರ ಶಾಲೆಯಲ್ಲಿ ಪಾಠ ಮಾಡಿದರು. 1972ರಲ್ಲಿ ಪಿಎಚ್‌ಡಿ ಮುಗಿಯಿತು. ಮರುವರ್ಷ ಪ್ರಕಟಿಸಿದ ಒಂದು ಪೇಪರ್ ಇವತ್ತಿಗೂ ಕಂಪೈಲರ್ ಡಿಸೈನ್ ಓದೋರಿಗೆ ಡೇಟಾ ಫ್ಲೋ ಅನಾಲಿಸಿಸ್ ಅಂತ ಎದುರಾಗುತ್ತೆ. ಸಿಎಸ್ ಬ್ರಾಂಚಿನವರೇ, ನಿಮ್ಮ ಸಿಲಬಸ್ಸಿನಲ್ಲೂ ಇವರು ಅಡಗಿ ಕೂತಿರಬಹುದು, ನೋಡಿ.

ಅದೇ ಹೊತ್ತಿಗೆ ಇಂಟೆಲ್‌ನ 4004 ಚಿಪ್ ಮಾರುಕಟ್ಟೆಗೆ ಬಂದಿತ್ತು. ಕಿಲ್ಡಾಲ್ ಅದನ್ನು ತಗೊಂಡು, ಹಡಗಿನ ದಿಕ್ಕು ಹಿಡಿಯೋಕೆ ಬೇಕಾದ ತ್ರಿಕೋಣಮಿತಿ ಲೆಕ್ಕಗಳನ್ನ ಅದರಲ್ಲಿ ಮಾಡಿಸೋಕೆ ನೋಡಿದರು. ಅಪ್ಪನ ಶಾಲೆಯ ಋಣ ಅಂತ ನಮಗನ್ನಿಸಿತು. ಪಾಠ ಇಲ್ಲದ ದಿನ ಇಂಟೆಲ್‌ಗೆ ಸಲಹೆಗಾರರಾಗಿ ಹೋಗಿ, ಚಿಪ್‌ಗಳಿಗೆ ಪ್ರೋಗ್ರಾಂ ಬರೆಯೋಕೆ ಪಿಎಲ್/ಎಂ ಅನ್ನೋ ಭಾಷೆ ಮಾಡಿಕೊಟ್ಟರು.

ನಮಗೆ ತುಂಬಾ ಹಿಡಿಸಿದ್ದು ಇದರ ಮುಂದಿನ ಭಾಗ. ಶೂಗಾರ್ಟ್ ಕಂಪನಿಯಿಂದ ಅವರಿಗೊಂದು ಎಂಟಿಂಚಿನ ಫ್ಲಾಪಿ ಡ್ರೈವ್ ಸಿಕ್ಕಿತು. ಆದರೆ ಅದನ್ನು ಕಂಪ್ಯೂಟರಿಗೆ ಜೋಡಿಸೋ ಕಂಟ್ರೋಲರ್ ಇಲ್ಲ. ತಾವೇ ಮಾಡೋಕೆ ಹೋಗಿ ಸೋತರು. ಹಾರ್ಡ್‌ವೇರ್ ಅವರ ಕೈಗೆ ಒಗ್ಗಲಿಲ್ಲ ಅನ್ನೋದು ಓದಿ ನಮಗೆ ಸ್ವಲ್ಪ ಸಮಾಧಾನ ಆಯ್ತು. ಡ್ರೈವ್ ಎಷ್ಟೋ ಕಾಲ ಸುಮ್ಮನೆ ಬಿದ್ದಿತ್ತು. ಕೊನೆಗೆ ಕಾಲೇಜಿನ ಗೆಳೆಯ ಜಾನ್ ಟೊರೋಡ್ ಕಂಟ್ರೋಲರ್ ಕಟ್ಟಿಕೊಟ್ಟರು. 1974ರಲ್ಲಿ ಪೆಸಿಫಿಕ್ ಗ್ರೋವ್‌ನ ಮನೆಯಲ್ಲಿ ಮೊದಲ ಸಲ ಎಲ್ಲ ಜೋಡಿಸಿದಾಗ ಡಿಸ್ಕ್ ಖಾಲಿ. ಸಿಸ್ಟಮ್ ಡಿಸ್ಕಿನಲ್ಲಿದ್ದರೆ ತಾನೇ ಮಷೀನ್ ಏಳೋದು? ಮಷೀನ್ ಎದ್ದರೆ ತಾನೇ ಡಿಸ್ಕಿಗೆ ಬರೆಯೋದು? ಅವರು ಹೊರಗಿಂದ, ತೂತು ಹೊಡೆದ ಪೇಪರ್ ಟೇಪಿನಿಂದ ಪ್ರೋಗ್ರಾಮನ್ನ ಒಳಗೆ ತಂದು ಡಿಸ್ಕಿಗೆ ಹಾಕಿದರು. ಆಮೇಲೆ ಡಿಸ್ಕಿನಿಂದ ಬೂಟ್ ಮಾಡಿದರು. ಪ್ರಾಂಪ್ಟ್ ಬಂತು. ಅದೇ ಸಿಪಿ/ಎಂ.

ನಮ್ಮ ಚಿಪ್ಪಿಗೂ ಬೇಕಾಗಿದ್ದದ್ದು ಇಂಥದ್ದೇ ಒಂದು ಹೊರಗಿನ ಟೇಪು. ಅದು ಆಮೇಲೆ.

ಸಿಪಿ/ಎಂ ಮಾರೋಕೆ ಹೆಂಡತಿ ಡೊರೊಥಿ ಮೆಕ್‌ಯೂಎನ್ ಜತೆ ಕಂಪನಿ ಶುರುಮಾಡಿದರು. ಮೊದಲ ಹೆಸರು ಇಂಟರ್‌ಗ್ಯಾಲಾಕ್ಟಿಕ್ ಡಿಜಿಟಲ್ ರಿಸರ್ಚ್. ಆಮೇಲೆ ಗ್ಯಾಲಕ್ಸಿ ಬಿಟ್ಟು ಬರೀ ಡಿಜಿಟಲ್ ರಿಸರ್ಚ್. ಗಿರಾಕಿಗಳು ಬಂದಂತೆ ತಲೆನೋವೂ ಬಂತು. ಒಬ್ಬೊಬ್ಬರ ಡ್ರೈವ್, ಕೀಬೋರ್ಡ್, ಸ್ಕ್ರೀನ್ ಒಂದೊಂದು ಥರ. ಪ್ರತಿ ಮಷೀನಿಗೂ ಪೂರ್ತಿ ಸಿಸ್ಟಮ್ ತಿದ್ದಬೇಕು. ಇಮ್ಸಾಯ್ ಕಂಪನಿಯ ಮಷೀನಿಗೆ ಹೊಂದಿಸೋ ಹೊತ್ತಿಗೆ ಕಿಲ್ಡಾಲ್ ಒಂದು ದಾರಿ ಹಿಡಿದರು. ಹಾರ್ಡ್‌ವೇರ್ ಜತೆ ನೇರವಾಗಿ ಮಾತಾಡೋ ಕೋಡನ್ನೆಲ್ಲ ಬೇರೆ ತೆಗೆದು ಒಂದು ಸಣ್ಣ ತುಂಡಿನಲ್ಲಿಟ್ಟರು. ಅದೇ ಬೇಸಿಕ್ ಇನ್‌ಪುಟ್ ಔಟ್‌ಪುಟ್ ಸಿಸ್ಟಮ್, ಬಯಾಸ್. ಹೊಸ ಮಷೀನ್ ಬಂದರೆ ಆ ತುಂಡನ್ನು ಮಾತ್ರ ಬರೆದರೆ ಸಾಕು. ಮಿಕ್ಕಿದ್ದು ಹಾಗೇ ಓಡುತ್ತೆ. ಒಂದು ಕಂಪನಿಯ ಮಷೀನಿಗೆ ಬರೆದ ಪ್ರೋಗ್ರಾಂ ಇನ್ನೊಂದರಲ್ಲೂ ನಡೆಯೋಕೆ ಶುರುವಾಯ್ತು.

ಇನ್ನು ಆ ವಿಮಾನದ ಕಥೆ. 1980ರಲ್ಲಿ ಐಬಿಎಂನವರು ಬಂದ ದಿನ ಕಿಲ್ಡಾಲ್ ವಿಮಾನದಲ್ಲಿ ಹೋಗಿದ್ದು ನಿಜ, ಆದರೆ ಮೋಜಿಗಲ್ಲ, ಒಬ್ಬ ಗಿರಾಕಿಯ ಕೆಲಸಕ್ಕೆ. ಕಂಪನಿಯ ವ್ಯವಹಾರ ನೋಡ್ತಿದ್ದದ್ದು ಡೊರೊಥಿ. ಐಬಿಎಂ ಮುಂದಿಟ್ಟ ಗೋಪ್ಯತೆಯ ಒಪ್ಪಂದ ಓದಿ ಅವರೂ ವಕೀಲರೂ ಸಹಿ ಮಾಡೋಕೆ ಹಿಂಜರಿದರು. ಕಿಲ್ಡಾಲ್ ಮಧ್ಯಾಹ್ನದ ಮೇಲೆ ವಾಪಸ್ ಬಂದರು. ಆಮೇಲೆ ಏನಾಯ್ತು ಅನ್ನೋದನ್ನ ಎರಡೂ ಕಡೆಯವರು ಬೇರೆ ಬೇರೆ ಥರ ಹೇಳಿದ್ದಾರೆ. ಮೈಕ್ರೋಸಾಫ್ಟ್ ಮಾತ್ರ ಸಿಯಾಟಲ್‌ನ ಇನ್ನೊಂದು ಕಂಪನಿಯಿಂದ, ಟಿಮ್ ಪ್ಯಾಟರ್ಸನ್ ಸಿಪಿ/ಎಂ ಮಾದರಿಯಲ್ಲಿ ಬರೆದಿದ್ದ ಸಿಸ್ಟಮನ್ನು ಕೊಂಡು ಐಬಿಎಂಗೆ ಕೊಟ್ಟಿತು. ಕಿಲ್ಡಾಲ್ ತಕರಾರು ಮಾಡಿದ ಮೇಲೆ ಐಬಿಎಂ ಅವರ ಸಿಪಿ/ಎಂ-86 ಅನ್ನೂ ಮಾರೋಕೆ ಒಪ್ಪಿತು. ಅಂಗಡಿಗೆ ಬಂದಾಗ ಒಂದರ ಬೆಲೆ 40 ಡಾಲರ್, ಕಿಲ್ಡಾಲ್‌ರದ್ದು 240. ಯಾರು ಯಾವುದನ್ನ ತಗೊಂಡಿರ್ತಾರೆ ಅಂತ ಹೇಳಬೇಕಾ? ವಿಚಿತ್ರ ಅಂದ್ರೆ, 1981ರ ಆ ಐಬಿಎಂ ಪಿಸಿಯ ರಾಮ್ ಅಲ್ಲ, ರೋಮ್ ಚಿಪ್ಪಿನಲ್ಲಿದ್ದ ಕೋಡಿಗೂ ಇಟ್ಟ ಹೆಸರು ಬಯಾಸ್. ಸಿಸ್ಟಮ್ ಹೊರಗುಳಿಯಿತು, ಹೆಸರು ಒಳಗೆ ಬಂತು.

ಅವರು ಅದಕ್ಕೇ ಮೂಲೆ ಸೇರಲಿಲ್ಲ. 1983ರಿಂದ ಕೆಲವು ವರ್ಷ ಕಂಪ್ಯೂಟರ್ ಕ್ರಾನಿಕಲ್ಸ್ ಅನ್ನೋ ಟಿವಿ ಕಾರ್ಯಕ್ರಮದಲ್ಲಿ ಜನರಿಗೆ ಕಂಪ್ಯೂಟರ್ ತೋರಿಸಿಕೊಟ್ಟರು. 1985ರಲ್ಲಿ ಸಿಡಿ-ರೋಮ್ ಮೇಲೆ ಬಂದ ಗ್ರೋಲಿಯರ್ ವಿಶ್ವಕೋಶದ ಹಿಂದೆ ಅವರ ಇನ್ನೊಂದು ಕಂಪನಿ ಇತ್ತು. 1991ರಲ್ಲಿ ಡಿಜಿಟಲ್ ರಿಸರ್ಚ್ ನೊವೆಲ್‌ಗೆ ಮಾರಾಟವಾಯ್ತು, ದುಡ್ಡಿಗೆ ಕೊರತೆ ಇರಲಿಲ್ಲ. ನೋವಿತ್ತು. ಅವರು ಓದಿದ ವಿಭಾಗದ 25ನೇ ವರ್ಷದ ಸಮಾರಂಭಕ್ಕೆ ಅವರನ್ನೂ ಕರೆದರು. ಮುಖ್ಯ ಭಾಷಣ ಮಾತ್ರ ಅಲ್ಲಿ ಓದದ ಬಿಲ್ ಗೇಟ್ಸ್‌ಗೆ. ಅದಾದ ಮೇಲೆ ಕಿಲ್ಡಾಲ್ ತಮ್ಮ ಕಥೆ ಬರೆಯೋಕೆ ಕೂತರು. ಬರೆದದ್ದನ್ನು ಮನೆಯವರಿಗೆ, ಸ್ನೇಹಿತರಿಗೆ ಕೊಟ್ಟರು, ಅಷ್ಟೇ. 1994ರ ಜುಲೈನಲ್ಲಿ ಮಾಂಟೆರೆಯ ಒಂದು ಬಾರ್‌ನಲ್ಲಿ ತಲೆಗೆ ಪೆಟ್ಟಾಗಿ, ಮೂರು ದಿನಕ್ಕೆ, 11ರಂದು ತೀರಿಕೊಂಡರು. 52 ವರ್ಷ. ಆ ಬರಹದ ಮೊದಲ ಭಾಗ ಹೊರಬಂದಿದ್ದು 2016ರಲ್ಲಿ.

ನಮ್ಮ ಲ್ಯಾಪ್‌ಟಾಪ್‌ಗೆ ಬಂದರೆ, ಮೊದಲು ಪೆನ್‌ಡ್ರೈವ್ ದಾರಿ ನೋಡಿದೆವು: ಫ್ಯಾಟ್32 ಮಾಡಿ, ಕಂಪನಿ ಹೇಳಿದ ಹೆಸರಲ್ಲಿ ಫೈಲ್ ಹಾಕಿ, ಕೀಗಳನ್ನ ಹಿಡಿದು ಪವರ್ ಒತ್ತೋದು. ಚಿಪ್ಪಿನ ಬೂಟ್ ಬ್ಲಾಕ್ ಉಳಿದಿದ್ದರೆ ಇದು ಕೆಲಸ ಮಾಡುತ್ತೆ. ನಮಗೆ ಆಗಲಿಲ್ಲ. ಕಾಲೇಜಿಗೆ ಬಂದು ಸೀನಿಯರ್ ಹತ್ತಿರ ಚಿಪ್ ಪ್ರೋಗ್ರಾಮರ್ ಮತ್ತು ಎಂಟು ಕಾಲಿನ ಕ್ಲಿಪ್ ಇಸ್ಕೊಂಡೆವು. ಬ್ಯಾಟರಿ ಕಿತ್ತು, ಚಿಪ್ಪಿನ ನಂಬರ್ ಓದಿ ಅದು 3.3 ವೋಲ್ಟಿನದು ಅಂತ ಖಾತ್ರಿ ಮಾಡ್ಕೊಂಡೆವು; 1.8 ವೋಲ್ಟಿನದಾಗಿದ್ದರೆ ಸುಟ್ಟೇ ಹೋಗ್ತಿತ್ತು. ಅಳಿಸೋಕೆ ಮುಂಚೆ ಎರಡು ಸಲ ಓದಿ, ಎರಡೂ ಫೈಲ್ ಒಂದೇನಾ ಅಂತ ಹೋಲಿಸಿದೆವು. ತೆರೆದು ನೋಡಿದರೆ ನಡುವೆ ಎಲ್ಲ ಬರೀ ಎಫ್‌ಎಫ್. ಫ್ಲ್ಯಾಶ್ ಅಳಿಸಿದರೆ ಎಲ್ಲ ಬಿಟ್ಟೂ ಒಂದಾಗುತ್ತೆ. ಅಂದರೆ ಹಳೇದನ್ನ ಅಳಿಸಿ, ಹೊಸದು ಬರೆಯೋ ಮುಂಚೆ ಕರೆಂಟ್ ಹೋಗಿದೆ. ಕಂಪನಿಯ ಫೈಲಿನಿಂದ ಬಯಾಸ್ ಭಾಗ ಮಾತ್ರ ಹೊರತೆಗೆದು, ಸೀರಿಯಲ್ ನಂಬರ್ ಇರೋ ಭಾಗವನ್ನ ಹಳೇ ಫೈಲಿನಿಂದಲೇ ಉಳಿಸಿಕೊಂಡು, ಜೋಡಿಸಿ ಬರೆದೆವು. ಮದರ್‌ಬೋರ್ಡ್ ಬದಲಾಯಿಸಲಿಲ್ಲ, ಮುಟ್ಟಿದ್ದು ಆ ಒಂದು ತುಂಡನ್ನು ಮಾತ್ರ.

ಮೊದಲ ಸಲ ಆನ್ ಮಾಡಿದಾಗ ಒಂದು ನಿಮಿಷ ಏನೂ ಬರಲಿಲ್ಲ. ಇಬ್ಬರೂ ಉಸಿರು ಬಿಗಿಹಿಡಿದು ಕೂತಿದ್ದೆವು. ಆಮೇಲೆ ಲೋಗೋ ಬಂತು. ತಾರೀಖು ಮಾತ್ರ ಯಾವುದೋ ಹಳೇ ವರ್ಷಕ್ಕೆ ಹೋಗಿತ್ತು, ಸರಿಮಾಡಿದೆವು. ಮೊನ್ನೆ ಇನ್ನೊಂದು ಅಪ್‌ಡೇಟ್ ಬಂದಿದೆ. ಹೊಸ ಬ್ಯಾಟರಿ ಆರ್ಡರ್ ಮಾಡಿದ್ದೇವೆ, ಅದು ಬರೋವರೆಗೂ ಒತ್ತಲ್ಲ.