ಗಾಜಿನ ಮನೆಯಲ್ಲಿ ಕಂಡ ತವರು

ತವರಿನ ಬೆಲೆ ತವರನ್ನು ಬಿಟ್ಟ ಮೇಲೆ ತಿಳಿಯುತ್ತದೆಂಬ ಮಾತು ನಮ್ಮಂಥ ಹೊರನಾಡ ಕನ್ನಡಿಗರಿಗೆ ಹೊಸದಲ್ಲ. ಬ್ರೆಜಿಲ್ ದೇಶದ ಜಗತ್ಪ್ರಸಿದ್ಧ ಉದ್ಯಾನಶಿಲ್ಪಿ ರೊಬರ್ಟೊ ಬುರ್ಲೆ ಮಾರ್ಕ್ಸ್ ಅವರ ಬಾಳಿನಲ್ಲಿ ಈ ಮಾತು ನಿಜವಾದ ಬಗೆಯನ್ನು ವಾಚಕರ ಮುಂದಿಡಬಯಸುತ್ತೇವೆ.

ಅವರು ಹುಟ್ಟಿದ್ದು 1909ರಲ್ಲಿ, ಸಾವೊ ಪೌಲೊ ನಗರದಲ್ಲಿ. ತಂದೆ ಜರ್ಮನಿಯಿಂದ ಬಂದು ನೆಲಸಿದವರು, ತಾಯಿ ಬ್ರೆಜಿಲಿನವರೇ. 1928ರಲ್ಲಿ ಕಣ್ಣಿನ ಚಿಕಿತ್ಸೆಗಾಗಿ ಮನೆಮಂದಿಯೊಡನೆ ಬರ್ಲಿನ್ನಿಗೆ ಹೋದರು. ಅಲ್ಲಿಯ ಡಾಲೆಮ್ ಸಸ್ಯೋದ್ಯಾನದ ಗಾಜಿನ ಮನೆಯಲ್ಲಿ ಬ್ರೆಜಿಲಿನ ಕಾಡುಗಿಡಗಳನ್ನು ಜೋಪಾನವಾಗಿ ಬೆಳೆಸಿದ್ದರು. ಇನ್ನೂ ಇಪ್ಪತ್ತು ತುಂಬದ ತರುಣ ಬೆರಗಾದರು. ಅವರ ನಾಡಿನ ಸಿರಿವಂತರ ತೋಟಗಳಲ್ಲಿ ಯೂರೋಪಿನ ಹೂಗಳಿಗೇ ಮನ್ನಣೆ. ನೆಲದ ಗಿಡಗಳನ್ನು ಕೇಳುವವರಿರಲಿಲ್ಲ. ಊರಿನಲ್ಲಿ ಕಾಣದ ಸೊಬಗನ್ನು ಪರದೇಶ ಅವರಿಗೆ ತೋರಿಸಿತು.

ಮರಳಿ ಬಂದು ಚಿತ್ರಕಲೆ ಕಲಿತರು. 1932ರಲ್ಲಿ ಮೊದಲ ತೋಟವನ್ನು ರಚಿಸಿದರು. ಎರಡು ವರ್ಷಗಳ ತರುವಾಯ ರೆಸಿಫೆ ನಗರದ ಉದ್ಯಾನಗಳ ಹೊಣೆ ಹೊತ್ತು, ಅಲ್ಲಿಯ ಒಂದು ಚೌಕದಲ್ಲಿ ಒಳನಾಡಿನ ಬರಡುಭೂಮಿಯ ಕಳ್ಳಿಗಳನ್ನೇ ನೆಡಿಸಿದರು. ಊರನ್ನು ಕಾಡು ಮಾಡುತ್ತಾರೆಂದು ಆಕ್ಷೇಪಿಸಿದವರೂ ಇದ್ದರು. ಅವರು ಹಿಂಜರಿಯಲಿಲ್ಲ. ಅನಾನಸಿನ ಕುಲದ ಗಿಡಗಳು, ಬಾಳೆಯಂಥ ಎಲೆಯ ಹೆಲಿಕೋನಿಯಗಳು ಅವರ ಕೈಯಲ್ಲಿ ಬಣ್ಣಗಳಾದವು, ನೆಲವೇ ಚಿತ್ರಪಟವಾಯಿತು. ಅದೇ ವಿನ್ಯಾಸಗಳು ಬಟ್ಟೆ, ಆಭರಣ, ಗೋಡೆಯ ತೂಗುಚಿತ್ರಗಳಲ್ಲಿಯೂ ಮೂಡಿದವು. 1970ರಲ್ಲಿ ರಿಯೊ ನಗರದ ಕೋಪಕಬಾನ ಕಡಲತೀರದುದ್ದಕ್ಕೆ, ಸುಮಾರು 4 ಕಿಲೋಮೀಟರ್, ಕಪ್ಪು, ಬಿಳಿ, ಕೆಂಪು ಕಲ್ಲುಗಳ ಚಿತ್ತಾರದ ಹಾದಿಯನ್ನು ರೂಪಿಸಿದರು.

ಕಾಡುಮೇಡು ಅಲೆದು ಗಿಡಗಳನ್ನು ಹುಡುಕಿ ತರುವುದು ಅವರ ನಿತ್ಯವ್ರತವಾಗಿತ್ತು. 1949ರಲ್ಲಿ ಸೋದರನೊಡನೆ ರಿಯೊ ಬಳಿ ಕೊಂಡ ತೋಟದಲ್ಲಿ ಈಗ 3,500ಕ್ಕೂ ಹೆಚ್ಚು ಜಾತಿಯ ಸಸ್ಯಗಳಿವೆ. ಕಾಡು ಕಡಿಯುವುದರ ವಿರುದ್ಧ ಬಹಿರಂಗವಾಗಿ ದನಿಯೆತ್ತಿದರು. ಲೆಕ್ಕ ಬರೆಯುವ ವೃತ್ತಿಯ ನಮಗೆ ಹೆಚ್ಚು ಅಚ್ಚರಿಯೆನಿಸುವುದು ಇನ್ನೊಂದು ಸಂಗತಿ: ಬಾಳೆಲ್ಲ ಕೂಡಿಟ್ಟ ಈ ಆಸ್ತಿಯನ್ನು ಅವರು 1985ರಲ್ಲಿ ದೇಶಕ್ಕೆ ದಾನವಿತ್ತರು. 1994ರಲ್ಲಿ ತೀರಿಕೊಂಡರು. 2021ರಲ್ಲಿ ಯುನೆಸ್ಕೊ ಆ ತೋಟವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಗಾಜಿನ ಮನೆಯ ಗಿಡವನ್ನು ಕಂಡು ಮೆಚ್ಚಿದವರು ಅದೆಷ್ಟೋ ಮಂದಿ. ಅದನ್ನು ಮನೆಯಂಗಳಕ್ಕೆ ತಂದು ನೆಟ್ಟದ್ದು ಬುರ್ಲೆ ಮಾರ್ಕ್ಸ್ ಅವರ ಹಿರಿಮೆ. ನವೆಂಬರಿನ ಒಂದು ದಿನ ವೇದಿಕೆಯ ಮೇಲೆ ಕನ್ನಡವನ್ನು ಕಂಡು ನಾವು ಹಿಗ್ಗುವುದೂ ಗಾಜಿನ ಮನೆಯ ದರ್ಶನವೇ ಸರಿ. ನೆಡುವ ಕೆಲಸ ನಮ್ಮ ನಮ್ಮ ಮನೆಗಳಲ್ಲಿ, ಮಕ್ಕಳೊಡನೆ ದಿನವೂ ಆಡುವ ಮಾತಿನಲ್ಲಿ ನಡೆಯಬೇಕಾಗಿದೆ.